ಮುಂಬೈನಿಂದ ಕ್ರೂಸ್ ಹೊರಡುತ್ತದೆ, ಊರಿಗೆ ಹೋಗುವುದಿಲ್ಲ: ಕಡಲು, ನೆಲ ಎರಡೂ ಸೇರಿದ ಕುಟುಂಬ ಪ್ರವಾಸದ ಲೆಕ್ಕಾಚಾರ

ಬೇಸಿಗೆ ರಜೆ ಹತ್ತಿರ ಬಂತೆಂದರೆ ಮುಂಬೈ ಮತ್ತು ಉಪನಗರಗಳ ಕನ್ನಡಿಗರ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಊರಿಗೆ ಟಿಕೆಟ್ ಆಯಿತಾ? ಡೊಂಬಿವಲಿಯಿಂದ ಬೊರಿವಲಿವರೆಗೆ, ಠಾಣೆಯಿಂದ ಪನ್ವೇಲ್‌ವರೆಗೆ ಎಲ್ಲರ ಕಣ್ಣೂ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನ ವೇಟಿಂಗ್ ಲಿಸ್ಟ್ ಮೇಲೆ. ಅದು ಸಿಗದಿದ್ದರೆ ರಾತ್ರಿ ಬಸ್. ಅದೂ ಕೈಗೆಟುಕದಿದ್ದರೆ ಮುಂದಿನ ವರ್ಷ ನೋಡೋಣ ಎಂಬ ಸಮಾಧಾನ.

ಈಗ ಈ ಮಾತುಕತೆಗೆ ಹೊಸದೊಂದು ವಿಷಯ ಸೇರಿದೆ. ದಕ್ಷಿಣ ಮುಂಬೈನ ಬಲ್ಲಾರ್ಡ್ ಪಿಯರ್‌ನಲ್ಲಿ ದೊಡ್ಡ ಕ್ರೂಸ್ ಟರ್ಮಿನಲ್ ಸಿದ್ಧವಾಗಿದೆ. ಗೋವಾ, ಕೊಚ್ಚಿ, ಲಕ್ಷದ್ವೀಪದ ಹಡಗು ಪ್ಯಾಕೇಜ್‌ಗಳ ಜಾಹೀರಾತು ಪ್ರತಿಯೊಬ್ಬರ ಮೊಬೈಲ್‌ಗೂ ಬರುತ್ತಿದೆ. ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಹಡಗಿನ ವಿಡಿಯೊ ತೋರಿಸುತ್ತಿದ್ದಾಗ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಅದರಲ್ಲೇ ಊರಿಗೆ ಹೋಗ್ಲಿಕ್ಕೆ ಆಗ್ತದಾ ಮಗಾ?" ಅಜ್ಜಿಯ ಅಪ್ಪ ಸ್ವಾತಂತ್ರ್ಯಕ್ಕೂ ಮೊದಲೇ ಸ್ಟೀಮರ್ ಹತ್ತಿ ಬೊಂಬಾಯಿಗೆ ಬಂದವರಂತೆ.

ಉತ್ತರ ಸರಳ: ನೇರವಾಗಿ ಆಗುವುದಿಲ್ಲ. ಆದರೆ ಕಡಲಿನ ಒಂದೆರಡು ರಾತ್ರಿ ಮತ್ತು ಊರಿನ ಒಂದು ವಾರ ಎರಡನ್ನೂ ಒಂದೇ ರಜೆಯಲ್ಲಿ ಸೇರಿಸಲು ಸಾಧ್ಯವಿದೆ. ಆ ಜೋಡಣೆಯನ್ನು ಹಡಗಿನ ಕಂಪನಿ ಮಾಡಿಕೊಡುವುದಿಲ್ಲ, ನಾವೇ ಮಾಡಿಕೊಳ್ಳಬೇಕು. ಎಡವುವುದು ಕೂಡ ಅಲ್ಲಿಯೇ.

ಟರ್ಮಿನಲ್ ದೊಡ್ಡದು, ನಿಲ್ದಾಣಗಳು ಕೆಲವೇ

ಮೊದಲು ಅಂಕಿಅಂಶ ನೋಡೋಣ. ಮುಂಬೈ ಅಂತಾರಾಷ್ಟ್ರೀಯ ಕ್ರೂಸ್ ಟರ್ಮಿನಲ್ ಅನ್ನು ಪ್ರಧಾನಿ ನರೇಂದ್ರ ಮೋದಿ 2025ರ ಸೆಪ್ಟೆಂಬರ್ 20ರಂದು ಗುಜರಾತ್‌ನ ಭಾವನಗರದ ಕಾರ್ಯಕ್ರಮದಿಂದ ಉದ್ಘಾಟಿಸಿದರು. ಸರ್ಕಾರ ನೀಡಿರುವ ವಿವರದಂತೆ ಇದರ ವೆಚ್ಚ 556 ಕೋಟಿ ರೂ., ವಿಸ್ತೀರ್ಣ 4.15 ಲಕ್ಷ ಚದರ ಅಡಿ. ಏಕಕಾಲಕ್ಕೆ ಐದು ಹಡಗು ನಿಲ್ಲಬಹುದು. 72 ಚೆಕ್-ಇನ್ ಮತ್ತು ಇಮಿಗ್ರೇಷನ್ ಕೌಂಟರ್‌ಗಳಿವೆ. ವರ್ಷಕ್ಕೆ 10 ಲಕ್ಷ ಪ್ರಯಾಣಿಕರನ್ನು ನಿಭಾಯಿಸುವ ಸಾಮರ್ಥ್ಯ ಇದೆ.

ಇದಕ್ಕೂ ಒಂದು ವರ್ಷ ಮೊದಲು, 2024ರ ಸೆಪ್ಟೆಂಬರ್ 30ರಂದು, ಬಂದರು ಸಚಿವ ಸರ್ಬಾನಂದ ಸೋನೋವಾಲ್ ಮುಂಬೈನಲ್ಲೇ 'ಕ್ರೂಸ್ ಭಾರತ್ ಮಿಷನ್'ಗೆ ಚಾಲನೆ ಕೊಟ್ಟಿದ್ದರು. ಮೂರು ಹಂತಗಳಲ್ಲಿ ನಡೆದು 2029ರ ಮಾರ್ಚ್‌ಗೆ ಮುಗಿಯುವ ಈ ಯೋಜನೆಯ ಗುರಿ ಸಮುದ್ರ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು 10 ಲಕ್ಷಕ್ಕೆ ಏರಿಸುವುದು ಮತ್ತು 10 ಸಮುದ್ರ ಕ್ರೂಸ್ ಟರ್ಮಿನಲ್‌ಗಳನ್ನು ಹೊಂದುವುದು.

ಎರಡೂ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2029ಕ್ಕೆ ಇಡೀ ದೇಶ ಮುಟ್ಟಬೇಕೆಂದಿರುವ ಪ್ರಯಾಣಿಕರ ಸಂಖ್ಯೆಯಷ್ಟನ್ನೇ ಮುಂಬೈನ ಒಂದು ಟರ್ಮಿನಲ್ ನಿಭಾಯಿಸಬಲ್ಲದು. ಅಂದರೆ ಹತ್ತುವ ಜಾಗದ ಕೊರತೆ ನೀಗಿದೆ. ಕೊರತೆ ಇರುವುದು ಹಡಗುಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಇಳಿಯುವ ಊರುಗಳಲ್ಲಿ.

ಹಡಗುಗಳ ಕಡೆ ನೋಡಿದರೆ, ಮುಂಬೈನಿಂದ ದೇಶೀಯ ಪ್ರವಾಸಿಗರಿಗಾಗಿ ಓಡಿದ ಹೆಸರುಗಳು ಬಂದಿವೆ, ಹೋಗಿವೆ. ಇಟಲಿಯ ಕೋಸ್ಟಾ ಕಂಪನಿ ಹಡಗು ತಂದಿತ್ತು. 2019ರ ಏಪ್ರಿಲ್‌ನಲ್ಲಿ ಜಲೇಶ್ ಕ್ರೂಸಸ್‌ನ 'ಕರ್ಣಿಕಾ' ಬಂತು. ಕೋವಿಡ್ ಹೊಡೆತಕ್ಕೆ 2020ರಲ್ಲಿ ಆ ಕಂಪನಿಯೇ ಮುಚ್ಚಿತು. 2021ರ ಸೆಪ್ಟೆಂಬರ್‌ನಿಂದ ಕಾರ್ಡೆಲಿಯಾ ಕ್ರೂಸಸ್‌ನ 'ಎಂಪ್ರೆಸ್' ಓಡುತ್ತಿದೆ. 1990ರಲ್ಲಿ 'ನಾರ್ಡಿಕ್ ಎಂಪ್ರೆಸ್' ಹೆಸರಿನಲ್ಲಿ ಕಡಲಿಗಿಳಿದ ಹಡಗು ಇದು. ನಾರ್ವೇಜಿಯನ್ ಕ್ರೂಸ್ ಲೈನ್‌ನ 'ಸ್ಕೈ' ಮತ್ತು 'ಸನ್' ಹಡಗುಗಳನ್ನು ದೀರ್ಘಾವಧಿ ಬಾಡಿಗೆಗೆ ಪಡೆಯುವ ಒಪ್ಪಂದವನ್ನೂ ಇದೇ ಕಂಪನಿ ಮಾಡಿಕೊಂಡಿರುವುದು 2025ರಲ್ಲಿ ಪ್ರಕಟವಾಗಿದೆ. ಆದ್ದರಿಂದ ಮುಂದಿನ ವರ್ಷಗಳಲ್ಲಿ ಕ್ಯಾಬಿನ್‌ಗಳು ಹೆಚ್ಚಬಹುದು. ಆದರೆ ಮಾರ್ಗಗಳು?

ಸ್ಟೀಮರ್ ಬೇರೆ, ಕ್ರೂಸ್ ಬೇರೆ

ಅಜ್ಜಿಯ ಪ್ರಶ್ನೆ ಅಸಂಬದ್ಧವೇನೂ ಅಲ್ಲ. ಈ ಕರಾವಳಿಯಲ್ಲಿ ಹಡಗು ಒಂದು ಕಾಲಕ್ಕೆ ಬಸ್ಸಿನಂತೆ ಇತ್ತು. ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲೇ ಇತ್ತು. ಕಾರವಾರದವರಿಗೆ ಕೋರ್ಟು, ಕಚೇರಿ, ಕಾಲೇಜು ಎಲ್ಲದಕ್ಕೂ ಮುಂಬೈಯೇ ದೊಡ್ಡ ಊರು. ಮಳೆಗಾಲ ಮುಗಿದ ಮೇಲೆ ಪಶ್ಚಿಮ ಕರಾವಳಿಯ ಬಂದರುಗಳಿಗೆ ಸ್ಟೀಮರ್‌ಗಳು ಬಂದುಹೋಗುತ್ತಿದ್ದವು. ಹೋಟೆಲ್ ಕೆಲಸಕ್ಕೆ, ಬಂದರು ಕೆಲಸಕ್ಕೆ, ಓದಿಗೆ ಎಂದು ಕರಾವಳಿಯ ಹುಡುಗರು ಮುಂಬೈ ಸೇರಿದ ದಾರಿಗಳಲ್ಲಿ ಅದೂ ಒಂದು. ಮುಂಬೈನಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲೇ ಹುಟ್ಟಿತು ಎಂಬುದು ಕಡಲ ಮಕ್ಕಳ ಈ ವಲಸೆ ಎಷ್ಟು ಹಳೆಯದು ಎಂದು ತೋರಿಸುತ್ತದೆ.

ಆಮೇಲೆ ರಸ್ತೆ ಬಂತು. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣಗೊಂಡಿತು. ಸ್ಟೀಮರ್ ನೆನಪಾಗಿ ಉಳಿಯಿತು.

ಇಂದಿನ ಕ್ರೂಸ್ ನೋಡಲು ಅದೇ ಕಡಲಿನಲ್ಲಿ ಸಾಗುವ ಹಡಗಾದರೂ ಅದರ ವ್ಯವಹಾರವೇ ಬೇರೆ. ಸ್ಟೀಮರ್‌ಗೆ ಪ್ರಯಾಣಿಕ ಎಲ್ಲಿ ಇಳಿದರೂ ಸರಿ, ಟಿಕೆಟ್ ಹಣ ಬಂದರೆ ಸಾಕಿತ್ತು. ಕ್ರೂಸ್ ಎಂದರೆ ತೇಲುವ ಹೋಟೆಲ್. ಅದರ ಆದಾಯ ಟಿಕೆಟ್‌ನಿಂದ ಮಾತ್ರವಲ್ಲ; ಬಾರ್, ಕ್ಯಾಸಿನೊ, ವಿಶೇಷ ರೆಸ್ಟೋರೆಂಟ್, ಸ್ಪಾ, ತೀರದ ಪ್ರವಾಸಗಳ ಮಾರಾಟದಿಂದಲೂ ಬರುತ್ತದೆ. ಪ್ರಯಾಣಿಕ ಹಡಗಿನಲ್ಲೇ ಹೆಚ್ಚು ಹೊತ್ತು ಇದ್ದರೆ ಲಾಭ. ಎರಡು ಮೂರು ರಾತ್ರಿ ಸುತ್ತಿಸಿ, ಹತ್ತಿದ ಬಂದರಿಗೇ ವಾಪಸ್ ತಂದು, ಅದೇ ದಿನ ಮುಂದಿನ ತಂಡವನ್ನು ಹತ್ತಿಸಿಕೊಳ್ಳುವುದು ಅದಕ್ಕೆ ಅನುಕೂಲ.

ಊರಿಗೆ ಹೋಗುವ ಕುಟುಂಬ ಇದಕ್ಕೆ ತದ್ವಿರುದ್ಧ. ಮಂಗಳೂರಿನಲ್ಲಿ ಇಳಿದರೆ ಹದಿನೈದು ದಿನ ವಾಪಸ್ ಬರುವುದಿಲ್ಲ. ಅವರ ಕ್ಯಾಬಿನ್‌ಗೆ ಮಂಗಳೂರಿನಿಂದ ಬೇರೆ ಪ್ರಯಾಣಿಕರು ಸಿಗದಿದ್ದರೆ ಅದು ಖಾಲಿ. ಗೋವಾ, ಕೊಚ್ಚಿಯಲ್ಲಿ ಹತ್ತುವವರೂ ಇಳಿಯುವವರೂ ಸಿಗುತ್ತಾರೆ ಎಂಬ ನಂಬಿಕೆ ಕಂಪನಿಗಳಿಗಿದೆ. ನಮ್ಮ ಕರಾವಳಿಯ ಬಗ್ಗೆ ಆ ನಂಬಿಕೆ ಇನ್ನೂ ಹುಟ್ಟಿಲ್ಲ.

ಇವೆರಡರ ನಡುವಿನ ಪ್ರಯತ್ನವೂ ಒಂದು ನಡೆದಿತ್ತು. 2018ರ ಅಕ್ಟೋಬರ್‌ನಲ್ಲಿ ಅಂದಿನ ಸಚಿವ ನಿತಿನ್ ಗಡ್ಕರಿ ಚಾಲನೆ ಕೊಟ್ಟ 'ಆಂಗ್ರಿಯಾ' ಹಡಗು ಮುಂಬೈನಲ್ಲಿ ಸಂಜೆ ಹೊರಟು ಬೆಳಿಗ್ಗೆ ಗೋವಾ ತಲುಪಿಸುತ್ತಿತ್ತು. ಸುಮಾರು 400 ಮಂದಿಯ ಈ ಹಡಗು ಪ್ರಯಾಣವೂ ಹೌದು, ಮೋಜೂ ಹೌದು ಎಂಬ ಮಾದರಿ. ಹೆಚ್ಚು ಕಾಲ ಅದು ನಡೆಯಲಿಲ್ಲ.

ಮಂಗಳೂರಿಗೆ ಹಡಗು ಬರುತ್ತದೆ, ನಮ್ಮನ್ನು ಕರೆತರುವುದಿಲ್ಲ

ಕುತೂಹಲದ ಸಂಗತಿ ಎಂದರೆ, 'ಹಡಗು ಮತ್ತು ನೆಲದ ಪ್ರವಾಸ' ಎಂಬ ಮಾದರಿ ಕರ್ನಾಟಕದ ಕರಾವಳಿಗೆ ಹೊಸದಲ್ಲ. ಪಣಂಬೂರಿನ ನವಮಂಗಳೂರು ಬಂದರಿಗೆ ಪ್ರತಿ ವರ್ಷ ಮಳೆಗಾಲದ ನಂತರ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಯಕ್ಷಗಾನದ ವೇಷ, ಚೆಂಡೆಯ ಸ್ವಾಗತ ಸಿಗುತ್ತದೆ. ಪ್ರವಾಸಿಗರು ಬಸ್ಸು, ಟ್ಯಾಕ್ಸಿ ಹತ್ತಿ ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್, ಗೇರುಬೀಜ ಕಾರ್ಖಾನೆ ನೋಡಿಕೊಂಡು ಸಂಜೆಯೊಳಗೆ ಹಡಗಿಗೆ ಮರಳುತ್ತಾರೆ. ಸಮುದ್ರ ಮಾರ್ಗದಲ್ಲಿ ಇ-ವೀಸಾ ಮೂಲಕ ದೇಶ ಪ್ರವೇಶಿಸಬಹುದಾದ ಬಂದರುಗಳ ಪಟ್ಟಿಯಲ್ಲಿ ಮಂಗಳೂರೂ ಇದೆ.

ಅಂದರೆ ಯುರೋಪಿನ ನಿವೃತ್ತ ದಂಪತಿ ಹಡಗಿನಲ್ಲಿ ಬಂದು ಕಾರ್ಕಳ ನೋಡಬಹುದು. ಕಾರ್ಕಳದಲ್ಲೇ ಮನೆಯಿರುವ ಮುಂಬೈನ ಕುಟುಂಬಕ್ಕೆ ಹಡಗಿನಲ್ಲಿ ಅಲ್ಲಿಗೆ ಹೋಗುವ ನಿಯಮಿತ ಸೇವೆ ಇಲ್ಲ.

ಲಕ್ಷದ್ವೀಪದ ಕಡೆಯಿಂದ ಒಂದು ಸಣ್ಣ ಬೆಳವಣಿಗೆ ಕಂಡಿತ್ತು. 2024ರ ಮೇ ತಿಂಗಳಲ್ಲಿ 'ಪರಾಲಿ' ಎಂಬ ವೇಗದ ಹಡಗು ಸುಮಾರು 160 ಪ್ರಯಾಣಿಕರೊಂದಿಗೆ ಮಂಗಳೂರಿನ ಹಳೆ ಬಂದರಿಗೆ ಬಂದಿತ್ತು. ಇಂಥ ಸಂಪರ್ಕ ನಿಯಮಿತವಾದರೆ ಮಂಗಳೂರು 'ಹತ್ತುವ ಊರು' ಆಗುತ್ತದೆ. ಕಾರವಾರದ ಕಥೆ ಬೇರೆ. ಅಲ್ಲಿ ಬಂದರು ವಿಸ್ತರಣೆಯ ವಿರುದ್ಧ 2020ರ ಜನವರಿಯಲ್ಲಿ ಮೀನುಗಾರರು ದೊಡ್ಡ ಹೋರಾಟ ನಡೆಸಿದರು. ಟ್ಯಾಗೋರ್ ಕಡಲತೀರ ಮತ್ತು ತಮ್ಮ ದೋಣಿಗಳ ಜಾಗ ಹೋಗುತ್ತದೆ ಎಂಬುದು ಅವರ ಆತಂಕ. ಕ್ರೂಸ್ ಬೇಕು ಎನ್ನುವಾಗ ಈ ಮಾತನ್ನೂ ಕೇಳಿಸಿಕೊಳ್ಳಬೇಕಾಗುತ್ತದೆ.

ಹಾಗಾದರೆ ಈ ರಜೆಗೆ ಏನು ಮಾಡಬಹುದು? ಮೂರು ದಾರಿಗಳು

ನೀತಿ ಬದಲಾಗುವವರೆಗೆ ರಜೆ ಕಾಯುವುದಿಲ್ಲ. ಈಗ ಇರುವ ವ್ಯವಸ್ಥೆಯಲ್ಲೇ ಮುಂಬೈನ ಕನ್ನಡ ಕುಟುಂಬಕ್ಕೆ ಮೂರು ದಾರಿಗಳಿವೆ.

ಮೊದಲನೆಯದು, ಗೋವಾವರೆಗೆ ಹಡಗು, ಅಲ್ಲಿಂದ ರೈಲು. ಗೋವಾದಲ್ಲಿ ಕ್ರೂಸ್ ನಿಲ್ಲುವುದು ವಾಸ್ಕೊ ಪಕ್ಕದ ಮುರ್ಮುಗೋವಾ ಬಂದರಿನಲ್ಲಿ. ಅಲ್ಲಿಂದ ಮಡಗಾಂವ್ ನಿಲ್ದಾಣ ಸುಮಾರು 30 ಕಿ.ಮೀ. ಮಡಗಾಂವ್‌ನಿಂದ ಸಂಜೆ ಮಂಗಳೂರಿಗೆ ವಂದೇ ಭಾರತ್ ಇದೆ. 2023ರ ಡಿಸೆಂಬರ್ 30ರಂದು ಆರಂಭವಾದ ಈ ರೈಲು ಕಾರವಾರ, ಉಡುಪಿಯಲ್ಲಿ ನಿಂತು ಸುಮಾರು ನಾಲ್ಕೂವರೆ ಗಂಟೆಯಲ್ಲಿ ಮಂಗಳೂರು ತಲುಪುತ್ತದೆ. ಬೆಳಿಗ್ಗೆ ಹಡಗಿನಿಂದ ಇಳಿದು, ಹಗಲು ಹಳೆ ಗೋವಾ ಅಥವಾ ಮಂಗೇಶಿ ನೋಡಿ, ಸಂಜೆ ರೈಲು ಹತ್ತಿದರೆ ರಾತ್ರಿ ಉಡುಪಿಯಲ್ಲಿ ಊಟ. ಇದು ವಾರದ ಎಲ್ಲ ದಿನ ಓಡುವ ರೈಲಲ್ಲ. ಗುರುವಾರ ರಜೆ ಎಂಬ ವೇಳಾಪಟ್ಟಿಯಲ್ಲೇ ಆರಂಭವಾಗಿತ್ತು. ಆದ್ದರಿಂದ ಹಡಗಿನ ದಿನಾಂಕಕ್ಕೆ ಮೊದಲು ರೈಲಿನ ದಿನ ನೋಡಿ.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ಎಲ್ಲ ಗೋವಾ ಕ್ರೂಸ್‌ಗಳಲ್ಲೂ ಗೋವಾದಲ್ಲೇ ಪ್ರಯಾಣ ಮುಗಿಸುವ ಅವಕಾಶ ಇರುವುದಿಲ್ಲ. ಹೋಗಿ ಬರುವ ಪ್ಯಾಕೇಜ್‌ನಲ್ಲಿ ಗೋವಾ ಎಂದರೆ ಕೆಲವು ಗಂಟೆಗಳ ನಿಲುಗಡೆ ಮಾತ್ರ. ಮಧ್ಯದಲ್ಲೇ ಇಳಿದುಬಿಡುತ್ತೇವೆ ಎಂದರೆ ಆಗುವುದಿಲ್ಲ, ಆದರೂ ಉಳಿದ ಹಣ ವಾಪಸ್ ಬರುವುದಿಲ್ಲ. ಟಿಕೆಟ್‌ನಲ್ಲೇ 'ಒಂದು ಕಡೆಯ ಪ್ರಯಾಣ' ಎಂದು ಇರಬೇಕು. ಇದನ್ನು ಏಜೆಂಟ್ ಬಾಯಿಮಾತಿನಲ್ಲಿ ಅಲ್ಲ, ಇಮೇಲ್‌ನಲ್ಲಿ ಖಚಿತಪಡಿಸಲಿ.

ಎರಡನೆಯದು, ಕೊಚ್ಚಿವರೆಗೆ ಹಡಗು, ಅಲ್ಲಿಂದ ಮೇಲಕ್ಕೆ ನೆಲದ ದಾರಿ. ಕೊಚ್ಚಿಯ 'ಸಾಗರಿಕಾ' ಕ್ರೂಸ್ ಟರ್ಮಿನಲ್ 2021ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಗಿದೆ. ಅಲ್ಲಿ ಇಳಿದು ಒಂದೆರಡು ದಿನ ಆಲಪ್ಪುಳ ಅಥವಾ ಮುನ್ನಾರ್, ದಾರಿಯಲ್ಲಿ ಗುರುವಾಯೂರು, ಆಮೇಲೆ ರೈಲಿನಲ್ಲಿ ಕಾಸರಗೋಡು, ಬೇಕಲ ಕೋಟೆ, ಮಂಗಳೂರು. ಊರಿನಲ್ಲಿ ನಾಲ್ಕು ದಿನ ಇದ್ದು ಕೊಂಕಣ ರೈಲಿನಲ್ಲಿ ಮುಂಬೈಗೆ ವಾಪಸ್. ಹತ್ತು ಹನ್ನೆರಡು ದಿನ ರಜೆ ಇರುವವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಒಂದೇ ದಿಕ್ಕಿನಲ್ಲಿ ಸುತ್ತು ಹಾಕುವುದರಿಂದ ಬಂದ ದಾರಿಯಲ್ಲೇ ಮತ್ತೆ ಹೋಗುವ ಬೇಸರ ಇಲ್ಲ. ಇಲ್ಲಿಯೂ ಒಂದು ಕಡೆಯ ಟಿಕೆಟ್ ಸಿಗುತ್ತದೆಯೇ ಎಂಬುದೇ ಮೊದಲ ಪ್ರಶ್ನೆ.

ಮೂರನೆಯದು, ಖರ್ಚು ಕಡಿಮೆ ಮಾಡಬೇಕೆನ್ನುವವರಿಗೆ. ಬಾವುಚಾ ಧಕ್ಕಾದಿಂದ ಮಾಂಡ್ವಾಗೆ 2020ರಿಂದ ರೋ-ರೋ ಹಡಗು ಇದೆ. ನಿಮ್ಮ ಕಾರನ್ನೇ ಹಡಗಿಗೆ ಹತ್ತಿಸಿ, ಸುಮಾರು ಒಂದು ಗಂಟೆಯಲ್ಲಿ ಆಚೆ ದಡ ಸೇರಬಹುದು. ಅಲ್ಲಿಂದ ಅಲಿಬಾಗ್, ಮುರುಡ್-ಜಂಜೀರಾ ಎರಡು ದಿನದ ಪ್ರವಾಸ. ಮನೆಯ ಹಿರಿಯರಿಗೂ ಮಕ್ಕಳಿಗೂ ಕಡಲ ಪ್ರಯಾಣ ಒಗ್ಗುತ್ತದೆಯೇ ಎಂದು ತಿಳಿಯಲು ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಇದೇ ಮಾದರಿಯಲ್ಲಿ ಮುಂಬೈನಿಂದ ಸಿಂಧುದುರ್ಗ ಜಿಲ್ಲೆಯ ವಿಜಯದುರ್ಗಕ್ಕೂ ರೋ-ರೋ ಓಡಿಸುವುದಾಗಿ ಮಹಾರಾಷ್ಟ್ರ ಸರ್ಕಾರ 2025ರಲ್ಲಿ ಪ್ರಕಟಿಸಿತು. ಗಣೇಶೋತ್ಸವಕ್ಕೆ ಆರಂಭ ಎಂದಿದ್ದರೂ ಹವಾಮಾನ ಅಡ್ಡಬಂದು ಆಗ ಹೊರಡಲಿಲ್ಲ. ಈ ಸೇವೆ ನಿಯಮಿತವಾಗಿ ನಡೆದರೆ ಊರಿಗೆ ಕಾರಿನಲ್ಲಿ ಹೋಗುವವರ ಅರ್ಧ ದಾರಿಯ ದಣಿವು ತಪ್ಪುತ್ತದೆ.

ಕ್ಯಾಲೆಂಡರ್‌ನಲ್ಲಿ ಇರುವ ತೊಡಕು

ಕಡಲು ಮತ್ತು ನೆಲ ಸೇರಿಸುವಾಗ ಹೆಚ್ಚಿನವರು ಗಮನಿಸದ ಸಮಸ್ಯೆ ಬುಕಿಂಗ್ ದಿನಾಂಕಗಳದು. ಕ್ರೂಸ್ ಟಿಕೆಟ್ ಹಲವು ತಿಂಗಳ ಮೊದಲೇ ಮಾರಾಟಕ್ಕೆ ಬರುತ್ತದೆ, ಬೇಗ ಕೊಂಡರೆ ರಿಯಾಯಿತಿ ಎಂಬ ಆಸೆಯೂ ಇರುತ್ತದೆ. ರೈಲಿನ ಕಥೆ ಹಾಗಲ್ಲ. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ, ಅಕ್ಟೋಬರ್‌ನಿಂದ ಸಾಮಾನ್ಯ ಬುಕಿಂಗ್ ತೆರೆಯುವ ಆರಂಭದ ಅವಧಿಗೂ ಆಧಾರ್ ದೃಢೀಕರಣ ಕಡ್ಡಾಯವಾಗಿದೆ.

ಇದರ ಅರ್ಥ ಏನು? ಜನವರಿಯಲ್ಲಿ ಮೇ ತಿಂಗಳ ಹಡಗಿಗೆ ಹಣ ಕಟ್ಟುತ್ತೀರಿ. ಆ ಹಡಗಿನಿಂದ ಇಳಿದ ಮೇಲೆ ಬೇಕಾದ ರೈಲಿನ ಟಿಕೆಟ್ ಮಾರ್ಚ್‌ವರೆಗೆ ತೆರೆಯುವುದೇ ಇಲ್ಲ. ತೆರೆದ ದಿನ ಸಿಗದಿದ್ದರೆ, ಹಡಗಿನ ಹಣ ಆಗಲೇ ಹೋಗಿರುತ್ತದೆ. ಗೋವಾದಲ್ಲಿ ಅಜ್ಜಿ, ಮಕ್ಕಳು, ಆರು ಸೂಟ್‌ಕೇಸ್ ಇಟ್ಟುಕೊಂಡು ಟ್ಯಾಕ್ಸಿ ಹುಡುಕುವ ಪರಿಸ್ಥಿತಿ ಬರುತ್ತದೆ.

ಹೀಗಾಗದಂತೆ ನೋಡಿಕೊಳ್ಳಲು ಕೆಲವು ದಾರಿಗಳಿವೆ. ಪೂರ್ತಿ ಹಣ ಕಟ್ಟದೆ ಮುಂಗಡ ಮಾತ್ರ ಕೊಟ್ಟು ಕಾಯ್ದಿರಿಸುವ ಅವಕಾಶ ಇದೆಯೇ ಕೇಳಿ. ಬಾಕಿ ಕಟ್ಟುವ ಕೊನೆಯ ದಿನ ರೈಲು ಬುಕಿಂಗ್ ತೆರೆದ ನಂತರ ಇರುವಂತೆ ನೋಡಿಕೊಳ್ಳಿ. ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಣೆಯನ್ನು ಈಗಲೇ ಮುಗಿಸಿ. ರೈಲು ಸಿಗದಿದ್ದರೆ ಎರಡನೆಯ ಆಯ್ಕೆ ಏನು, ಮಡಗಾಂವ್‌ನಿಂದ ಬಸ್ಸೇ, ಬಾಡಿಗೆ ವಾಹನವೇ ಎಂಬುದನ್ನು ಮೊದಲೇ ನಿರ್ಧರಿಸಿ, ಅದರ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ಇನ್ನೊಂದು ನಿಯಮ ಹಿರಿಯ ಪ್ರವಾಸಿಗರು ಸದಾ ಹೇಳುವುದು: ಹಡಗು ಹತ್ತುವ ದಿನ ಬೇರೆ ಊರಿನಿಂದ ಮುಂಬೈಗೆ ಬರಬೇಡಿ. ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಸಂಬಂಧಿಕರು ಜೊತೆಗೂಡುವುದಾದರೆ ಹಿಂದಿನ ದಿನವೇ ಬಂದು ಉಳಿಯಲಿ. ರೈಲು ತಡವಾದರೆ ಹಡಗು ಕಾಯುವುದಿಲ್ಲ. ಉಪನಗರದವರೂ ಇದನ್ನು ಮರೆಯಬಾರದು. ಟರ್ಮಿನಲ್ ಇರುವುದು ಸಿಎಸ್‌ಎಂಟಿ ಹತ್ತಿರ, ಚೆಕ್-ಇನ್ ಮುಚ್ಚುವುದು ಹಡಗು ಹೊರಡುವುದಕ್ಕಿಂತ ಸಾಕಷ್ಟು ಮೊದಲು. ವಿರಾರ್ ಅಥವಾ ಕಲ್ಯಾಣದಿಂದ ಸಾಮಾನು ಸಮೇತ ಲೋಕಲ್‌ನಲ್ಲಿ ಬರುವುದೆಂದರೆ ಮೂರು ಗಂಟೆ ಕೈಯಲ್ಲಿಟ್ಟುಕೊಂಡೇ ಹೊರಡಬೇಕು.

ಮೇ ಕೊನೆಯ ಕಡಲನ್ನು ನಂಬಬೇಡಿ

ಶಾಲೆಗಳ ರಜೆ ಮೇ ತಿಂಗಳಲ್ಲಿ. ಅರಬ್ಬೀ ಸಮುದ್ರ ಕೆರಳುವುದೂ ಅದೇ ತಿಂಗಳ ಕೊನೆಯಲ್ಲಿ. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಕರ್ನಾಟಕ ಕರಾವಳಿಯಿಂದ ಮುಂಬೈವರೆಗೆ ಅಪ್ಪಳಿಸಿದ್ದು ನೆನಪಿರಬಹುದು. 2025ರಲ್ಲಿ ಮುಂಗಾರು ಮೇ 26ಕ್ಕೇ ಮುಂಬೈ ತಲುಪಿತು. ಸಾಮಾನ್ಯವಾಗಿ ಜೂನ್ 11ರ ಸುಮಾರಿಗೆ ಬರುವ ಮಳೆ ಎರಡು ವಾರ ಮೊದಲೇ ಬಂದಿತ್ತು. ಅದಕ್ಕೂ ಎರಡು ದಿನ ಮೊದಲು ಕೇರಳಕ್ಕೆ ಬಂದಿತ್ತು.

ಮಳೆಗಾಲದ ಕಡಲಿನ ಬಗ್ಗೆ ಹಿರಿಯರಿಗಿರುವ ಭಯ ಸುಮ್ಮನೆ ಬಂದದ್ದಲ್ಲ. 1947ರ ಜುಲೈ 17ರಂದು ಮುಂಬೈನಿಂದ ರೇವಸ್‌ಗೆ ಹೊರಟ 'ರಾಮದಾಸ್' ಸ್ಟೀಮರ್ ಮುಳುಗಿ 600ಕ್ಕೂ ಹೆಚ್ಚು ಮಂದಿ ಸತ್ತರು. ಇಂದಿನ ದೊಡ್ಡ ಕ್ರೂಸ್ ಹಡಗುಗಳಿಗೂ ಅಂದಿನ ಸ್ಟೀಮರ್‌ಗಳಿಗೂ ಹೋಲಿಕೆ ಇಲ್ಲ, ನಿಜ. ಆದರೆ ಪ್ರವಾಸದ ನೆಲದ ಭಾಗದಲ್ಲಿ ನಾವು ಹತ್ತುವುದು ಸಣ್ಣ ದೋಣಿಗಳನ್ನೇ. 2024ರ ಡಿಸೆಂಬರ್ 18ರಂದು ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟಿದ್ದ 'ನೀಲ್ ಕಮಲ್' ದೋಣಿಗೆ ನೌಕಾಪಡೆಯ ಸ್ಪೀಡ್‌ಬೋಟ್ ಡಿಕ್ಕಿಯಾಗಿ 15 ಮಂದಿ ಪ್ರಾಣ ಕಳೆದುಕೊಂಡರು. ಅದು ಮಳೆಗಾಲವೂ ಅಲ್ಲ. ಎಲಿಫೆಂಟಾ ಇರಲಿ, ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ಇರಲಿ, ಲೈಫ್ ಜಾಕೆಟ್ ಹಾಕಿಕೊಳ್ಳದೆ ದೋಣಿ ಹತ್ತಬೇಡಿ, ಮಕ್ಕಳ ಅಳತೆಯದ್ದು ಇಲ್ಲದಿದ್ದರೆ ಹತ್ತಲೇಬೇಡಿ.

ಮಳೆಗಾಲದಲ್ಲಿ ಸಣ್ಣ ದೋಣಿಗಳ ಸೇವೆ ನಿಲ್ಲುತ್ತದೆ. ಕೊಂಕಣ ರೈಲ್ವೆಯಲ್ಲಿ ಮಳೆಗಾಲದ ವೇಳಾಪಟ್ಟಿ ಬಂದು ರೈಲುಗಳ ವೇಗ ತಗ್ಗುತ್ತದೆ. 2025ರಲ್ಲಿ ಅದು ಜೂನ್ 15ರಿಂದ ಅಕ್ಟೋಬರ್ 20ರವರೆಗೆ ಇತ್ತು. ಕ್ರೂಸ್‌ಗಳೂ ಪಶ್ಚಿಮ ಕರಾವಳಿ ಬಿಡುತ್ತವೆ. 2023ರ ಜೂನ್‌ನಲ್ಲಿ ಎಂಪ್ರೆಸ್ ಚೆನ್ನೈನಿಂದ ಶ್ರೀಲಂಕಾಗೆ ಹೊರಟಿದ್ದು ಹೀಗೆಯೇ. ಆದ್ದರಿಂದ ಬೇಸಿಗೆ ರಜೆಯಲ್ಲಿ ಹೋಗುವವರು ಕಡಲಿನ ಭಾಗವನ್ನು ಮೇ ಮೊದಲ ವಾರಗಳಲ್ಲಿ ಮುಗಿಸಿ, ಊರಿನ ಭಾಗವನ್ನು ಆಮೇಲೆ ಇಟ್ಟುಕೊಳ್ಳುವುದು ಜಾಣತನ. ದೀಪಾವಳಿ ಅಥವಾ ಡಿಸೆಂಬರ್ ರಜೆಯಲ್ಲಿ ಕಡಲು ಶಾಂತ, ಆದರೆ ದರ ಏರಿರುತ್ತದೆ.

ಹವಾಮಾನ ಕೆಟ್ಟರೆ ಕ್ಯಾಪ್ಟನ್ ಒಂದು ಬಂದರನ್ನು ಬಿಟ್ಟು ಹೋಗಬಹುದು, ಮಾರ್ಗ ಬದಲಿಸಬಹುದು. ಟಿಕೆಟ್‌ನ ಷರತ್ತುಗಳಲ್ಲಿ ಕಂಪನಿಗೆ ಈ ಹಕ್ಕು ಇದ್ದೇ ಇರುತ್ತದೆ. ಗೋವಾದಲ್ಲೇ ಇಳಿಯಬೇಕಾದವರಿಗೆ ಇದು ದೊಡ್ಡ ಪೆಟ್ಟು. ಲಕ್ಷದ್ವೀಪಕ್ಕೆ ಹೋಗುವವರಿಗೂ ಅಷ್ಟೇ. ಅಲ್ಲಿ ದೊಡ್ಡ ಹಡಗು ದಡಕ್ಕೆ ಹೋಗುವುದಿಲ್ಲ, ಹೊರಗೆ ನಿಂತು ಸಣ್ಣ ದೋಣಿಗಳಲ್ಲಿ ಕರೆದೊಯ್ಯುತ್ತಾರೆ. ಅಲೆ ಹೆಚ್ಚಿದ್ದರೆ ದ್ವೀಪವನ್ನು ದೂರದಿಂದಲೇ ನೋಡಿ ಮರಳಬೇಕು. ಮೊಣಕಾಲು ನೋವಿರುವ ಹಿರಿಯರಿಗೆ ಆ ದೋಣಿ ಹತ್ತಿ ಇಳಿಯುವುದು ಶಾಂತ ಕಡಲಿನಲ್ಲೂ ಕಷ್ಟವೇ.

ಜಾಹೀರಾತಿನ ದರ, ಕೈಯಿಂದ ಹೋಗುವ ಹಣ

ಜಾಹೀರಾತಿನಲ್ಲಿ ಕಾಣುವ ದರ ಸಾಮಾನ್ಯವಾಗಿ ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್‌ನದು. ಅದೂ ಇಬ್ಬರು ಹಂಚಿಕೊಂಡರೆ ತಲಾ ಒಬ್ಬರಿಗೆ. ಅದರ ಮೇಲೆ ಬಂದರು ಶುಲ್ಕ, ಸೇವಾ ಶುಲ್ಕ, ಜಿಎಸ್‌ಟಿ ಸೇರುತ್ತವೆ. ಹಡಗಿನೊಳಗೆ ಮದ್ಯ, ತಂಪು ಪಾನೀಯ, ವೈಫೈ, ಕೆಲವು ಶೋ ಮತ್ತು ರೆಸ್ಟೋರೆಂಟ್‌ಗಳಿಗೆ ಬೇರೆ ಹಣ. ತೀರದ ಪ್ರವಾಸವೂ ಬೇರೆ.

ಹೀಗಾಗಿ ಹೋಲಿಕೆ ಮಾಡುವಾಗ 'ಹಡಗಿನ ಟಿಕೆಟ್ ಎಷ್ಟು, ರೈಲಿನ ಟಿಕೆಟ್ ಎಷ್ಟು' ಎಂದು ನೋಡಬೇಡಿ. ಎರಡು ರಾತ್ರಿಯ ಹಡಗಿನಲ್ಲಿ ಮಲಗುವ ಜಾಗ, ಊಟ, ಮನರಂಜನೆ ಸೇರಿವೆ. ಅದನ್ನು ಎರಡು ರಾತ್ರಿಯ ಹೋಟೆಲ್ ಖರ್ಚಿನ ಜೊತೆ ಹೋಲಿಸಿ. ಆಗ ಬರುವ ವ್ಯತ್ಯಾಸ ಐದಾರು ಜನರ ಕುಟುಂಬಕ್ಕೆ ಎಷ್ಟಾಗುತ್ತದೆ ಎಂದು ಗುಣಿಸಿ. ಆ ಮೊತ್ತದಲ್ಲಿ ಊರಿನಲ್ಲಿ ಇನ್ನು ಎಷ್ಟು ದಿನ ಕಳೆಯಬಹುದು? ಉತ್ತರ ನೋಡಿದ ಮೇಲೂ ಹಡಗು ಬೇಕೆನಿಸಿದರೆ ಧೈರ್ಯವಾಗಿ ಬುಕ್ ಮಾಡಿ.

ಆರು ತಿಂಗಳಿಗಿಂತ ಸಣ್ಣ ಮಗು, ಗರ್ಭಿಣಿಯರಿಗೆ ಹೆಚ್ಚಿನ ಕ್ರೂಸ್‌ಗಳಲ್ಲಿ ನಿರ್ಬಂಧಗಳಿವೆ. ಹೊಟ್ಟೆ ತೊಳೆಸುವ ತೊಂದರೆ ಇರುವವರಿಗೆ ಕೆಳ ಮಹಡಿಯ, ಹಡಗಿನ ಮಧ್ಯಭಾಗದ ಕ್ಯಾಬಿನ್ ಒಳ್ಳೆಯದು, ಅಲ್ಲಿ ಅಲುಗಾಟ ಕಡಿಮೆ. ಬಿಪಿ, ಶುಗರ್ ಮಾತ್ರೆಗಳನ್ನು ದೊಡ್ಡ ಸೂಟ್‌ಕೇಸಿಗೆ ಹಾಕದೆ ಕೈಚೀಲದಲ್ಲೇ ಇಡಿ. ದೊಡ್ಡ ಸಾಮಾನು ಕ್ಯಾಬಿನ್ ತಲುಪಲು ಗಂಟೆಗಳಾಗಬಹುದು.

ಏಜೆಂಟ್ ಹೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು ಎಂದಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ, ಕಂಪನಿಯ ಕಚೇರಿ ಎಲ್ಲೇ ಇದ್ದರೂ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು.

ಕೇಳಬೇಕಾದ ಪ್ರಶ್ನೆ

ಟರ್ಮಿನಲ್ ಕಟ್ಟುವುದು ಸರ್ಕಾರದ ಕೆಲಸ, ಅದು ಆಗಿದೆ. ಇನ್ನು ಆಗಬೇಕಾದದ್ದು ಕೊಂಡಿಗಳು. ಕ್ರೂಸ್ ಭಾರತ್ ಮಿಷನ್‌ನ ಉಳಿದ ಅವಧಿಯಲ್ಲಿ ನವಮಂಗಳೂರಿಗೆ ಮುಂಬೈನಿಂದ ತಿಂಗಳಿಗೊಂದಾದರೂ ದೇಶೀಯ ಹಡಗು ಪ್ರಾಯೋಗಿಕವಾಗಿ ಬರಲಿ. ದೀಪಾವಳಿ, ಕ್ರಿಸ್‌ಮಸ್ ಹೊತ್ತಿಗೆ ಒಂದು ಕಡೆಯ ಟಿಕೆಟ್ ಸಿಗಲಿ. ಹಡಗು ಬರುವ ದಿನಕ್ಕೆ ಹೊಂದುವಂತೆ ಬಂದರಿನಿಂದ ಉಡುಪಿ, ಧರ್ಮಸ್ಥಳಕ್ಕೆ ಬಸ್ ಇರಲಿ. ಇದಕ್ಕೆ ನೂರಾರು ಕೋಟಿ ಬೇಕಿಲ್ಲ, ಬಂದರು ಪ್ರಾಧಿಕಾರ, ರಾಜ್ಯ ಪ್ರವಾಸೋದ್ಯಮ ಇಲಾಖೆ ಮತ್ತು ಕಂಪನಿಗಳು ಒಮ್ಮೆ ಒಟ್ಟಿಗೆ ಕೂರಬೇಕು.

ಬೇಡಿಕೆ ಇದೆಯೇ ಎಂದು ಕಂಪನಿಗಳು ಕೇಳುತ್ತವೆ. ಅದನ್ನು ತೋರಿಸುವ ಶಕ್ತಿ ಮುಂಬೈನ ಕನ್ನಡ ಸಂಘಟನೆಗಳಿಗಿದೆ. 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘದಿಂದ ಹಿಡಿದು ಉಪನಗರಗಳ ಸಣ್ಣ ಸಂಘಗಳವರೆಗೆ, ಒಂದೇ ಹಡಗಿಗೆ ಸಾಕಾಗುವಷ್ಟು ಊರಿಗೆ ಹೋಗುವವರ ಹೆಸರು ಬರೆಸುವುದು ಇವರಿಗೆ ಕಷ್ಟವಲ್ಲ. ಊರಿನ ರೈಲಿಗಾಗಿ ದಶಕಗಳ ಕಾಲ ಮನವಿ ಕೊಟ್ಟವರು ನಾವು. ಹಡಗಿಗಾಗಿ ಇನ್ನೂ ಯಾರೂ ಗಟ್ಟಿಯಾಗಿ ಕೇಳಿಲ್ಲ.

ನಮ್ಮ ಮನೆಯಲ್ಲಿ ಸದ್ಯಕ್ಕೆ ತೀರ್ಮಾನವಾಗಿರುವುದು ಇಷ್ಟು: ಮೊದಲು ಮಾಂಡ್ವಾ ರೋ-ರೋ, ಅಜ್ಜಿಗೆ ಒಗ್ಗಿದರೆ ಡಿಸೆಂಬರ್‌ನಲ್ಲಿ ಗೋವಾವರೆಗೆ ಹಡಗು, ಅಲ್ಲಿಂದ ಸಂಜೆಯ ರೈಲು. ಅಪ್ಪ ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸಿದ್ದಾರೆ. ಒಂದು ಕಡೆಯ ಟಿಕೆಟ್ ಇದೆಯೇ ಎಂಬ ಇಮೇಲ್‌ಗೆ ಏಜೆಂಟ್‌ನ ಉತ್ತರ ಇನ್ನೂ ಬರಬೇಕು. ಅದು ಬರುವವರೆಗೆ ಹಣ ಕಟ್ಟುವುದಿಲ್ಲ.